ಮಗಳಿಗೊಂದು ಪತ್ರ: ಯೆಜ್ಡಿಗೆ ಹೊಸ ವೈರಿಂಗ್

ಮಗಳೇ,

ಹಳೇ ಯೆಜ್ಡಿ ಬೈಕಿನ ವೈರಿಂಗ್ ನೀನೇ ಕಟ್ಟುತ್ತೇನೆ ಅಂದೆಯಲ್ಲ, ಕಟ್ಟು. ರೆಡಿಮೇಡ್ ಸೆಟ್ ಸಿಗುತ್ತದೆ, ಆದರೆ ಅಗ್ಗದ ಸೆಟ್ಟುಗಳಲ್ಲಿ ವೈರ್ ಸಣ್ಣ. 12 ವೋಲ್ಟ್ ಗಾಡಿಯಲ್ಲಿ ಅದು ಹೇಗೋ ನಡೆದುಹೋಗುತ್ತದೆ. ಮೈಸೂರಿನ ಕಾರ್ಖಾನೆಯ ಈ 6 ವೋಲ್ಟ್ ಡೈನಮೋ ಗಾಡಿಯಲ್ಲಿ ನಡೆಯದು.

ಲೆಕ್ಕ ಹಾಕಿ ನೋಡು. ಹೆಡ್‌ಲೈಟಿನ 35 ವಾಟ್ ಬಲ್ಬು 6 ವೋಲ್ಟಿನಲ್ಲಿ ಸುಮಾರು 5.8 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಸ್ವಿಚ್ಚು, ಡಿಪ್ಪರ್ (ಬೆಳಕನ್ನು ಮೇಲೆ-ಕೆಳಗೆ ಮಾಡುವ ಸ್ವಿಚ್ಚು) ಸುತ್ತಿ ಬಲ್ಬಿಗೆ ಬರಲು 2 ಮೀಟರ್ ಹಿಡಿ. 0.5 ಚದರ ಮಿ.ಮೀ. ವೈರಿನಲ್ಲಿ 0.4 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಬೆಳಕಿನಲ್ಲಿ ಐದರಲ್ಲೊಂದು ಪಾಲು ಹೋಯಿತು. 1.5 ಹಾಕಿದರೆ ನಷ್ಟ 0.14 ವೋಲ್ಟ್ ಮಾತ್ರ. ಆದ್ದರಿಂದ ಡೈನಮೋ, ಕಟೌಟ್ (ಡೈನಮೋ ನಿಂತಾಗ ಅದನ್ನು ಬ್ಯಾಟರಿಯಿಂದ ಬಿಡಿಸುವ ಸ್ವಿಚ್ಚು), ಬ್ಯಾಟರಿ, ಅರ್ಥಿಂಗಿಗೆ (ಕರೆಂಟ್ ಫ್ರೇಮಿನ ಮೂಲಕ ಬ್ಯಾಟರಿಗೆ ಮರಳುವ ದಾರಿ) 2.5, ಹೆಡ್‌ಲೈಟ್, ಹಾರ್ನಿಗೆ 1.5, ಉಳಿದದ್ದಕ್ಕೆ 1. ವಾಹನದ ಮಲ್ಟಿಸ್ಟ್ರ್ಯಾಂಡ್ ವೈರೇ ಬೇಕು. ಮನೆಗೆ ಎಳೆಯುವ ಒಂಟಿ ಎಳೆಯ ಗಟ್ಟಿ ವೈರ್ ಅದುರುವಿಕೆಗೆ ಮುರಿಯುತ್ತದೆ.

ಹಳೇ ವೈರಿಂಗ್ ಕತ್ತರಿಸಬೇಡ. ಬಿಚ್ಚುವ ಮುಂಚೆ ಪ್ರತಿ ತುದಿಗೂ ಚೀಟಿ ಕಟ್ಟಿ ಫೋಟೊ ತೆಗೆ; ಬ್ಯಾಟರಿಯ ಯಾವ ಟರ್ಮಿನಲ್ ಗಾಡಿಯ ಫ್ರೇಮಿಗೆ ಹೋಗಿದೆ ಎಂದೂ ಬರೆದಿಡು. ಟರ್ಮಿನಲ್ ಪಕ್ಕದ ಅಂಕೆಗಳು ಜರ್ಮನ್ ಪದ್ಧತಿಯವು: 15 ಇಗ್ನಿಶನ್, 31 ಅರ್ಥ್, 58 ಟೇಲ್‌ಲೈಟ್, 61 ಚಾರ್ಜಿಂಗ್ ದೀಪ. ಆಮೇಲೆ ಹಳೇದನ್ನು ಪ್ಲೈವುಡ್ ಮೇಲೆ ಹರಡಿ, ಕವಲೊಡೆಯುವ ಕಡೆಗಳಲ್ಲೆಲ್ಲ ಮೊಳೆ ಹೊಡೆ. ಹೊಸದನ್ನು ಆ ಮೊಳೆಗಳ ನಡುವೆಯೇ ಕಟ್ಟಬೇಕು. ಅಳತೆ ಮಾತ್ರ ಗಾಡಿಯ ಮೇಲೂ ಒಮ್ಮೆ ತೆಗೆ, ಹ್ಯಾಂಡಲ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ. ವೈರುಗಳು ಸಾಮಾನ್ಯವಾಗಿ ಸಾಯುವುದು ಹ್ಯಾಂಡಲ್ ತಿರುಗುವ ಆ ಕುತ್ತಿಗೆಯಲ್ಲೇ. ಪ್ರತಿ ತುದಿಗೂ 5 ಸೆಂ.ಮೀ. ಹೆಚ್ಚು ಬಿಡು.

ಸ್ಲೀವ್ (ವೈರುಗಳ ಮೇಲೆ ತೂರಿಸುವ ಕೊಳವೆ) ಮೊದಲು, ಥಿಂಬಲ್ (ವೈರಿನ ತುದಿಗೆ ಕಚ್ಚಿಸುವ ಲೋಹದ ಟರ್ಮಿನಲ್) ಆಮೇಲೆ. ತಿರುಗುಮುರುಗಾದರೆ ಸ್ಲೀವ್ ತೂರುವುದೇ ಇಲ್ಲ, ಎಲ್ಲವನ್ನೂ ಕತ್ತರಿಸಬೇಕು. ವೈರಿಗೆ ಟಾಲ್ಕಂ ಪೌಡರ್ ಸವರಿದರೆ ಸಲೀಸಾಗಿ ಜಾರುತ್ತದೆ. ಗಮ್ ಇರುವ ಇನ್ಸುಲೇಶನ್ ಟೇಪ್ ಬೇಡ; ಇಂಜಿನ್ನಿನ ಬಿಸಿಗೆ ಅಂಟು ಕರಗಿ ಸೋರುತ್ತದೆ. ಗಮ್ ಇಲ್ಲದ ಹಾರ್ನೆಸ್ ಟೇಪ್ ಸುತ್ತು, ಕುತ್ತಿಗೆಯ ಹತ್ತಿರ ಸಡಿಲ ಸ್ಲೀವ್ ಸಾಕು.

ಥಿಂಬಲ್ಲನ್ನು ಕಟಿಂಗ್ ಪ್ಲೇಯರಿನಲ್ಲಿ ಜಜ್ಜಬೇಡ, ಅದನ್ನು ಒತ್ತಿ ಕಚ್ಚಿಸುವ ಕ್ರಿಂಪಿಂಗ್ ಟೂಲ್ ತಗೋ. ಥಿಂಬಲ್ಲಿನ ಒಂದು ಜೊತೆ ರೆಕ್ಕೆ ತಾಮ್ರವನ್ನು, ಇನ್ನೊಂದು ಜೊತೆ ಇನ್ಸುಲೇಶನ್ನನ್ನು ಹಿಡಿಯಬೇಕು. ಜೋರಾಗಿ ಎಳೆದು ನೋಡು. ಬಿಟ್ಟುಬಂದರೆ ಈಗಲೇ ಬರಲಿ. ಮೇಲೊಂದಿಷ್ಟು ಸೋಲ್ಡರ್ ಹಾಕು ಅನ್ನುವವರು ಸಿಗುತ್ತಾರೆ. ಹಾಕಬೇಡ. ಸೀಸ ಎಳೆಗಳೊಳಗೆ ಏರಿ ಗಟ್ಟಿಯಾಗುತ್ತದೆ, ಅದು ಮುಗಿಯುವಲ್ಲೇ ವೈರ್ ತುಂಡಾಗುತ್ತದೆ.

ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದೀಯ, ಚೆಂದ ಕಾಣುತ್ತದೆ, ಆದರೆ ಅರ್ಥಿಂಗಿಗೆ ಅದೇ ಶತ್ರು. ಬೋಲ್ಟಿನ ಕೆಳಗೆ ಲೋಹ ಕಾಣುವ ತನಕ ಕೆರೆ. ಹೆಡ್‌ಲೈಟ್ ಡೂಮ್ (ಬಲ್ಬು ಕೂರುವ ಗುಂಡನೆಯ ಮನೆ) ಮತ್ತು ಟೇಲ್‌ಲೈಟಿಗೆ ಪ್ರತ್ಯೇಕ ಅರ್ಥ್ ವೈರನ್ನೇ ಎಳೆದುಬಿಡು.

ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್. ಮೊದಲ ಸಲ ಫ್ಯೂಸಿನ ಜಾಗದಲ್ಲಿ 6 ವೋಲ್ಟ್ 21 ವಾಟ್ ಬಲ್ಬು ಸಿಕ್ಕಿಸು. ಎಲ್ಲ ಆಫ್ ಇದ್ದಾಗ ಪೂರ್ತಿ ಉರಿದರೆ ಎಲ್ಲೋ ಶಾರ್ಟ್. ಕೀ ಆನ್ ಮಾಡಿದಾಗ ಮಂಕಾಗಿ ಉರಿದರೆ ಗಾಬರಿ ಬೇಡ, ಪಾಯಿಂಟ್ (ಸ್ಪಾರ್ಕಿಗಾಗಿ ಮುಚ್ಚಿ ತೆರೆಯುವ ಇಂಜಿನ್ನಿನ ಸ್ವಿಚ್ಚು) ಮುಚ್ಚಿಕೊಂಡಿರುತ್ತದೆ. ಫ್ಯೂಸ್ ಹಾಕಿದ ಮೇಲೆ ಹೆಡ್‌ಲೈಟ್ ಉರಿಸಿ, ಮಲ್ಟಿಮೀಟರಿನ ಒಂದು ಪ್ರೋಬ್ ಬ್ಯಾಟರಿಯ ಫ್ರೇಮಿಗೆ ಹೋಗದ ಟರ್ಮಿನಲ್ಲಿಗೆ, ಇನ್ನೊಂದು ಅದೇ ಸಾಲಿನ ಬಲ್ಬಿನ ಟರ್ಮಿನಲ್ಲಿಗೆ ಹಿಡಿ. 0.3 ವೋಲ್ಟಿಗಿಂತ ಹೆಚ್ಚು ತೋರಿದರೆ ಸ್ವಿಚ್ಚಿನ ಕಾಂಟ್ಯಾಕ್ಟ್, ಕ್ರಿಂಪ್ ಒಂದೊಂದಾಗಿ ನೋಡು. ಅರ್ಥ್ ಕಡೆಗೂ ಹೀಗೇ.

ಬಿಡಿಭಾಗ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಸ್ವಿಚ್ಚಿನ ಒಂದು ಸ್ಕ್ರೂ ಜೇಬಿನಲ್ಲಿಟ್ಟುಕೋ. ಥಿಂಬಲ್ಲಿನ ತೂತು ಅದಕ್ಕೆ ಸರಿಯಾಗಿ ಕೂತರೆ ಮಾತ್ರ ತಗೋ.

ನಿನ್ನ
ಅಪ್ಪ