ದೊಡ್ಡ ಚಿಟ್ಟೆಯ ಲಿಂಕ್ ಬಗ್ಗೆ ಸೂಚನೆ

ಸದಸ್ಯರೇ, ಫ್ರೇಮ್ ಹಾಕಿದ ಕ್ವೀನ್ ಅಲೆಕ್ಸಾಂಡ್ರಾ ಬರ್ಡ್‌ವಿಂಗ್ ಚಿಟ್ಟೆ ಮಾರಾಟದ ಲಿಂಕ್‌ಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಅದು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಅಂದರೆ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿ. ಕಾಡಲ್ಲಿ ಹಿಡಿದ ಚಿಟ್ಟೆಯನ್ನು ಅಂತರರಾಷ್ಟ್ರೀಯವಾಗಿ ಮಾರುವಂತಿಲ್ಲ.

ಹಾಗಂತ ಮಾರಾಟ ನಿಂತರೆ ಸಾಕು ಅನ್ನಬೇಡಿ, ದೊಡ್ಡ ಪೆಟ್ಟು ಬಿದ್ದಿರೋದು ಕಾಡಿಗೆ. ಜಗತ್ತಿನ ಈ ಅತಿ ದೊಡ್ಡ ಚಿಟ್ಟೆ (ಹೆಣ್ಣಿನ ರೆಕ್ಕೆಯಗಲ 25 ಸೆಂ.ಮೀ. ದಾಟುತ್ತೆ!) ಇರೋದು ಪಾಪುವಾ ನ್ಯೂಗಿನಿಯ ಓರೊ ಪ್ರಾಂತ್ಯದ ಮಳೆಕಾಡಲ್ಲಿ ಮಾತ್ರ. ಮರಿಹುಳು ಈಶ್ವರಿ ಬಳ್ಳಿಯ ಕುಟುಂಬಕ್ಕೆ ಸೇರಿದ, ಮರದ ನೆತ್ತಿವರೆಗೂ ಹಬ್ಬುವ ಕಾಡುಬಳ್ಳಿಯನ್ನೇ ತಿಂದು ಬೆಳೀಬೇಕು. ಎಣ್ಣೆತಾಳೆ ತೋಟಕ್ಕೆಂದು ಮರ ಉರುಳಿಸಿದರೆ ಬಳ್ಳಿಯೂ ಇಲ್ಲ, ಹುಳುವೂ ಇಲ್ಲ. 1951ರಲ್ಲಿ ಅಲ್ಲಿನ ಲ್ಯಾಮಿಂಗ್ಟನ್ ಜ್ವಾಲಾಮುಖಿಯ ಸ್ಫೋಟವೂ ಒಂದಷ್ಟು ನೆಲೆಯನ್ನು ಸುಟ್ಟುಹಾಕಿತ್ತು. ಉಳಿದ ಕಾಡಿನ ಬಗ್ಗೆ ಮಾಹಿತಿ ಸಿಕ್ಕರೆ ಖಂಡಿತ ಹಂಚಿಕೊಳ್ಳಿ.