ದೂರು ಪತ್ರ: ‘450 ವ್ಯಾಟ್’ ಎಂದು ಬರೆದ ಎಸ್‌ಎಂಪಿಎಸ್‌ನಲ್ಲಿ ಕೆಲಸಕ್ಕೆ ಸಿಗುವುದು 216

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ಇವರಿಂದ: ವಿಡಿಯೊ ಎಡಿಟಿಂಗ್ ಸ್ಟುಡಿಯೊ, ಗೋಣಿಕೊಪ್ಪಲು, ಕೊಡಗು ಜಿಲ್ಲೆ

ವಿಷಯ: ರೆಡಿಮೇಡ್ ಡೆಸ್ಕ್‌ಟಾಪ್‌ಗೆ ಸಾಮರ್ಥ್ಯ ಸಾಲದ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಹಾಕಿರುವುದು ಮತ್ತು ವಾರಂಟಿ ನಿರಾಕರಿಸಿರುವ ಬಗ್ಗೆ.

ಮಾನ್ಯರೇ,

ಜನವರಿಯಲ್ಲಿ ನಿಮ್ಮಿಂದ ಆನ್‌ಲೈನ್‌ನಲ್ಲಿ ತರಿಸಿದ ಡೆಸ್ಕ್‌ಟಾಪ್, ವಿಡಿಯೊ ಎಕ್ಸ್‌ಪೋರ್ಟ್‌ಗೆ ಕೊಟ್ಟ ಮೂರ್ನಾಲ್ಕು ನಿಮಿಷಕ್ಕೆ ಪಟ್ಟನೆ ಆಫ್ ಆಗುತ್ತದೆ. ನೀಲಿ ಪರದೆ ಇಲ್ಲ, ಎಚ್ಚರಿಕೆಯ ಸಂದೇಶವೂ ಇಲ್ಲ. ಮುಂದಿನ ಬಟನ್ ಎಷ್ಟು ಒತ್ತಿದರೂ ಏಳುವುದಿಲ್ಲ. ಹಿಂದಿನ ಸ್ವಿಚ್ ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕಿದರೆ ಮಾತ್ರ ಏಳುತ್ತದೆ. ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ ‘ಕರ್ನಲ್-ಪವರ್ 41’, ಬಗ್‌ಚೆಕ್ ಕೋಡ್ 0. ಅಂದರೆ ಗಣಕ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ, ವಿಂಡೋಸ್ ಯಾವ ದೋಷವನ್ನೂ ದಾಖಲಿಸಿಲ್ಲ. ಎಸ್‌ಎಂಪಿಎಸ್ ಹೊರೆ ತಾಳದೆ ತನ್ನನ್ನು ತಾನೇ ಕಡಿದುಕೊಂಡಾಗ ಕಾಣುವ ಲಕ್ಷಣಗಳೇ ಇವು.

ಊಹೆಯ ಮೇಲೆ ಹೇಳುತ್ತಿಲ್ಲ, ಪರೀಕ್ಷೆ ಮಾಡಿದ್ದೇವೆ. ಪ್ರೊಸೆಸರ್ ಒಂದಕ್ಕೇ ಪೂರ್ತಿ ಲೋಡ್ ಕೊಟ್ಟು ಒಂದು ಗಂಟೆ ಓಡಿಸಿದೆವು, ಏನೂ ಆಗಲಿಲ್ಲ. ಉಷ್ಣತೆ 74 ಡಿಗ್ರಿ ದಾಟಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ ಇನ್ನೊಂದು ಗಂಟೆ, ಆಗಲೂ ಸರಿ. ಎರಡಕ್ಕೂ ಒಟ್ಟಿಗೆ ಕೊಟ್ಟಾಗ ನಾಲ್ಕು ನಿಮಿಷದೊಳಗೆ ಆಫ್. ಎಕ್ಸ್‌ಪೋರ್ಟ್ ಆಗುವಾಗ ಎರಡೂ ಒಟ್ಟಿಗೇ ದುಡಿಯುತ್ತವೆ.

ಕಾರಣ ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲೇ ಇದೆ. ದಪ್ಪಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣ ಅಕ್ಷರದ ಪಟ್ಟಿಯಲ್ಲಿ 12 ವೋಲ್ಟ್ ಲೈನಿಗೆ 18 ಆಂಪ್. ಗುಣಿಸಿದರೆ 216 ವ್ಯಾಟ್. ಮಿಕ್ಕದ್ದು 3.3 ಮತ್ತು 5 ವೋಲ್ಟ್ ಲೈನುಗಳ ಲೆಕ್ಕ. ಈಗಿನ ಪ್ರೊಸೆಸರ್‌ಗಾಗಲಿ ಗ್ರಾಫಿಕ್ಸ್ ಕಾರ್ಡಿಗಾಗಲಿ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ, ಅವು ಹೆಚ್ಚುಕಡಿಮೆ ಎಲ್ಲವನ್ನೂ 12 ವೋಲ್ಟ್‌ನಿಂದಲೇ ಎಳೆಯುತ್ತವೆ. ನೀವು ಹಾಕಿರುವ ಐ5-12400ಎಫ್ ಪ್ರೊಸೆಸರ್ ಟರ್ಬೊದಲ್ಲಿ (ಹೆಚ್ಚಿನ ವೇಗದಲ್ಲಿ ಓಡುವಾಗ) 117 ವ್ಯಾಟ್‌ವರೆಗೆ ಹೋಗುತ್ತದೆ, 8 ಜಿಬಿಯ ಆರ್‌ಟಿಎಕ್ಸ್ 3050 ಕಾರ್ಡಿಗೆ 130. ಅಲ್ಲಿಗೇ 247 ಆಯಿತು. ಮದರ್‌ಬೋರ್ಡ್, ಫ್ಯಾನುಗಳನ್ನು ಇನ್ನೂ ಸೇರಿಸಿಲ್ಲ. ಈ ಕಾರ್ಡಿಗೆ ಎನ್‌ವಿಡಿಯಾ ಹೇಳುವುದು 550 ವ್ಯಾಟ್‌ನ ಎಸ್‌ಎಂಪಿಎಸ್. ನೀವು ಹಾಕಿದ್ದರಲ್ಲಿ ದಕ್ಷತೆಯನ್ನು ದೃಢಪಡಿಸುವ 80 ಪ್ಲಸ್ ಗುರುತೂ ಇಲ್ಲ. ನಿಮ್ಮ ಜಾಹೀರಾತಿನಲ್ಲಿ ಬಣ್ಣದ ಫ್ಯಾನ್ ಎಷ್ಟು ಎಂಬುದಿದೆ, 12 ವೋಲ್ಟ್‌ಗೆ ಎಷ್ಟು ಆಂಪ್ ಎಂಬುದಿಲ್ಲ.

ಮೂರು ಸಲ ದೂರು ಕೊಟ್ಟೆವು, ಮೂರು ಬೇರೆ ಬೇರೆ ಉತ್ತರ ಬಂತು.

ಮೊದಲನೆಯದು, ನಿಮ್ಮ ಊರಿನ ವೋಲ್ಟೇಜ್ ಸರಿಯಿಲ್ಲ ಎಂದು. ಗಣಕ ಇರುವುದು 600 ವ್ಯಾಟ್‌ನ ಯುಪಿಎಸ್ ಮೇಲೆ. ಪರೀಕ್ಷೆಯ ಹೊತ್ತಿಗೆ ಅದರ ಔಟ್‌ಪುಟ್ 226 ವೋಲ್ಟ್ ಇತ್ತು. ಸಿಪಿಯು ಡಬ್ಬಿ ಆಫ್ ಆದಾಗಲೂ ಅದೇ ಯುಪಿಎಸ್‌ಗೆ ಹಾಕಿದ ಮಾನಿಟರ್‌ನ ದೀಪ ಉರಿಯುತ್ತಲೇ ಇರುತ್ತದೆ.

ಎರಡನೆಯದು, ಕೊಡಗಿನ ತೇವಾಂಶ. ಕಕ್ಕಡದ (ಮಳೆಗಾಲದ ತಿಂಗಳು) ಮಳೆಯಲ್ಲಿ ಕನೆಕ್ಟರ್‌ಗೆ ಕಿಲುಬು, ಫ್ಯಾನಿಗೆ ಬೂಷ್ಟು ಹಿಡಿಯುವುದು ಇಲ್ಲಿನವರಿಗೆ ಹೊಸದಲ್ಲ. ಆದರೆ ತೊಂದರೆ ಶುರುವಾದದ್ದು ಪೆಟ್ಟಿಗೆ ಬಿಚ್ಚಿದ ಮೊದಲ ವಾರದಲ್ಲಿ, ಕಣದ ತುಂಬ ಕಾಫಿ ಒಣಹಾಕಿದ್ದ ಬಿಸಿಲಿನಲ್ಲಿ.

ಮೂರನೆಯದು ವಾರಂಟಿ ಸೀಲ್ ಒಡೆದಿದೆ ಎಂಬುದು. ಒಡೆಯಲು ಹೇಳಿದ್ದು ನಿಮ್ಮ ಟೆಕ್ನಿಷಿಯನ್ನರೇ. ಗ್ರಾಫಿಕ್ಸ್ ಕಾರ್ಡ್ ಕಳಚಿ, ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗೆ ಹಾಕಿ ಡಿಸ್‌ಪ್ಲೇ ಬರುತ್ತದೋ ನೋಡಿ ಎಂದರು. ಪಕ್ಕದ ಬಾಗಿಲಿನ ಸ್ಕ್ರೂ ಮೇಲೇ ಸೀಲ್ ಅಂಟಿಸಿದ್ದೀರಿ, ಅದು ಹರಿಯದೆ ಬಾಗಿಲು ಬರುವುದಿಲ್ಲ. ಇಷ್ಟಾಗಿ 12400ಎಫ್‌ನ ‘ಎಫ್’ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡ್ ತೆಗೆದರೆ ಡಿಸ್‌ಪ್ಲೇ ಬರುವ ಮಾತೇ ಇಲ್ಲ. ಆ ಕರೆಯ ರೆಕಾರ್ಡಿಂಗ್ ನಿಮ್ಮಲ್ಲೇ ಇರಬೇಕು, ತೆಗೆದು ಕೇಳಿ.

ಈಗ ಇಡೀ ಡಬ್ಬಿಯನ್ನು ಬೆಂಗಳೂರಿಗೆ ಕಳಿಸಿ ಎನ್ನುತ್ತಿದ್ದೀರಿ. ಮಾರುವಾಗ ಹೇಳಿದ್ದು ಒಂದು ವರ್ಷ ಆನ್‌ಸೈಟ್ ವಾರಂಟಿ. ಕೊಡಗಿನ ಪಿನ್‌ಕೋಡ್‌ಗೆ ಆ ಸೇವೆ ಇಲ್ಲ ಎಂದು ತಿಳಿದದ್ದು ದೂರು ಕೊಟ್ಟ ಮೇಲೆ. ಇದು ರೈಲಿಲ್ಲದ ಜಿಲ್ಲೆ, ಪಾರ್ಸೆಲ್ ರಸ್ತೆಯಲ್ಲೇ ಕುಲುಕಾಡಿಕೊಂಡು ಹೋಗಬೇಕು. ಸ್ಲಾಟ್‌ನಲ್ಲಿ ನೇತಾಡುವ ಕಾರ್ಡನ್ನು ಕಳಚಿ ಬೇರೆ ಪ್ಯಾಕ್ ಮಾಡದಿದ್ದರೆ ಸ್ಲಾಟೇ ಸೀಳಬಹುದು. ನಾಲ್ಕು ಸ್ಕ್ರೂ ಬಿಚ್ಚಿ, 24 ಪಿನ್ನಿನದು, ಪ್ರೊಸೆಸರ್‌ನದು, ಕಾರ್ಡಿನದು ಎಂದು ಮೂರು ಪ್ಲಗ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಇಷ್ಟು ದೂರದ ಪ್ರಯಾಣ ಏಕೆ?

ಬಾಗಿಲು ತೆಗೆದಾಗ ಇನ್ನೆರಡು ಸಂಗತಿ ಕಣ್ಣಿಗೆ ಬಿದ್ದವು. 16 ಜಿಬಿ ರ‍್ಯಾಮ್ ಒಂದೇ ಸ್ಟಿಕ್‌ನಲ್ಲಿದೆ. 8ರ ಎರಡು ಹಾಕಿದ್ದರೆ ಡ್ಯುಯಲ್ ಚಾನೆಲ್, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಹರಿಯುವ ಅನುಕೂಲ, ಸಿಗುತ್ತಿತ್ತು. ‘ವೇಗದ ಎಂ.2 ಎಸ್‌ಎಸ್‌ಡಿ’ ಎಂದದ್ದು ಹಳೆಯ, ನಿಧಾನದ ಸಾಟಾ ಮಾದರಿ, ಸೆಕೆಂಡಿಗೆ 540 ಎಂಬಿ ಆಸುಪಾಸು. ಎಂ.2 ಎಂಬುದು ಆಕಾರದ ಹೆಸರು, ವೇಗದ ಹೆಸರಲ್ಲ. ಇವು ದೋಷವಲ್ಲ ಎಂದು ನೀವು ವಾದಿಸಬಹುದು. ಬೆಲೆ ನೋಡಿದರೆ ಜಿಪುಣತನವಂತೂ ಹೌದು.

ಬಿಡಿಭಾಗ ತಂದು ಜೋಡಿಸುವುದು ಬಾರದೆ ನಿಮ್ಮ ಬಳಿ ಬಂದದ್ದಲ್ಲ. ಗೋಣಿಕೊಪ್ಪಲಿನಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತಂದ ಮದರ್‌ಬೋರ್ಡ್ ಕೆಟ್ಟಿದ್ದರೆ ಮತ್ತೊಮ್ಮೆ ಅಷ್ಟೇ ದೂರ ಓಡಬೇಕು. ಆ ಓಡಾಟ ತಪ್ಪಲಿ ಎಂದೇ ರೆಡಿಮೇಡ್‌ಗೆ ಹೆಚ್ಚು ಹಣ ಕೊಡುವುದು. ಆದರೆ ಬಿಡಿಯಾಗಿ ಕೊಂಡಿದ್ದರೆ ಬಾಕ್ಸ್ ಪ್ರೊಸೆಸರ್‌ಗೆ ಇಂಟೆಲ್‌ನದೇ 3 ವರ್ಷದ ವಾರಂಟಿ ಇರುತ್ತಿತ್ತು, ಎಸ್‌ಎಂಪಿಎಸ್‌ಗೆ ಅದರ ತಯಾರಕರದು ಬೇರೆ. ನಿಮ್ಮ ಬಿಲ್‌ನಲ್ಲಿರುವುದು ‘ಡೆಸ್ಕ್‌ಟಾಪ್ ಕಂಪ್ಯೂಟರ್ - 1’ ಎಂಬ ಒಂದೇ ಸಾಲು. ಸೀರಿಯಲ್ ನಂಬರ್ ಇಲ್ಲದೆ ನಾವು ಯಾವ ತಯಾರಕರ ಬಳಿ ಹೋಗುವುದು?

ಆದ್ದರಿಂದ, 12 ವೋಲ್ಟ್ ಲೈನಿನಲ್ಲಿ ಕನಿಷ್ಠ 40 ಆಂಪ್ ಕೊಡುವ, 80 ಪ್ಲಸ್ ಬ್ರಾಂಜ್ ಗುರುತಿನ 550 ವ್ಯಾಟ್ ಎಸ್‌ಎಂಪಿಎಸ್ ಒಂದನ್ನು ನಿಮ್ಮ ಖರ್ಚಿನಲ್ಲಿ ಇಲ್ಲಿಗೆ ಕಳಿಸಿ. ಸ್ಥಳೀಯ ಟೆಕ್ನಿಷಿಯನ್ ಅದನ್ನು ಕೂರಿಸಿದರೂ ವಾರಂಟಿ ಹಾಗೆಯೇ ಇರುತ್ತದೆ ಎಂದು ಬರೆದುಕೊಡಿ. ಎಲ್ಲ ಬಿಡಿಭಾಗಗಳ ಮಾದರಿ ಮತ್ತು ಸೀರಿಯಲ್ ನಂಬರ್ ಇರುವ ಬಿಲ್ ಕೊಡಿ. ಇದು ಆಗದಿದ್ದರೆ ಗಣಕವನ್ನು ನೀವೇ ಬಂದು ಒಯ್ದು ಪೂರ್ತಿ ಹಣ ಹಿಂದಿರುಗಿಸಿ.

2020ರ ಇ-ಕಾಮರ್ಸ್ ನಿಯಮಗಳಂತೆ ಈ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಹೋಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಆಗ ಪ್ರಯಾಣ ನಿಮ್ಮದಾಗುತ್ತದೆ.

ಲಗತ್ತು: ಬಿಲ್ ಪ್ರತಿ, ಎಸ್‌ಎಂಪಿಎಸ್ ಚೀಟಿಯ ಫೋಟೊ, ಈವೆಂಟ್ ವ್ಯೂವರ್‌ನ ಸ್ಕ್ರೀನ್‌ಶಾಟ್‌ಗಳು, ಪರೀಕ್ಷೆಯ ವಿಡಿಯೊ, ನಿಮ್ಮ ಮೂರು ಉತ್ತರಗಳು.

ಇತಿ ತಮ್ಮ ಗ್ರಾಹಕರು
(ಸಹಿ)