ಮಿಲ್ಟ್ರಿ ತಾತನನ್ನು ಕೇಳದೆ ಉಳಿದ ಮಾತು

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ತಾತ ತೀರಿಕೊಂಡರು. ಹಿರಿಯೂರು ತಾಲ್ಲೂಕಿನ ನಮ್ಮೂರಲ್ಲಿ ಅವರ ಹೆಸರು ಹೇಳಿದರೆ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. ‘ಮಿಲ್ಟ್ರಿ ತಾತ’ ಅಂದರೆ ಸಣ್ಣ ಮಕ್ಕಳೂ ಮನೆ ತೋರಿಸುತ್ತವೆ.

ಬೆಂಗಳೂರಿನಲ್ಲಿ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿದಾಗ ಅವರಿಗೆ ಇನ್ನೂ ಮೀಸೆ ಬಲಿತಿರಲಿಲ್ಲ. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ ಗಡಿಯಾಚೆಯ ಶಕರ್‌ಗಢದ ಕಡೆ ಇದ್ದರು. ಬಸಂತರ್ ಹೊಳೆ ದಾಟಿ ಟ್ಯಾಂಕ್‌ಗಳು ಮುಂದೆ ಹೋಗಬೇಕು. ಆದರೆ ನೆಲದ ತುಂಬಾ ಮೈನ್, ಅಂದರೆ ಮೇಲೆ ಭಾರ ಬಿದ್ದರೆ ಸಿಡಿಯುವ ಬಾಂಬ್, ಹೂತಿದ್ದರು. ರಾತ್ರಿ ಹೊತ್ತು, ಶೆಲ್ ಬೀಳುತ್ತಿರುವಾಗಲೇ ಅವನ್ನು ತೆಗೆದು ದಾರಿ ಮಾಡುವ ಕೆಲಸ ಸ್ಯಾಪರ್‌ಗಳದ್ದು. ಅಲ್ಲಿ ಟ್ಯಾಂಕ್‌ನಲ್ಲೇ ಹೋರಾಡಿ 21ನೇ ವಯಸ್ಸಿಗೆ ಪ್ರಾಣ ಕೊಟ್ಟ ಅರುಣ್ ಖೇತರ್‌ಪಾಲ್ ಅವರಿಗೆ ಪರಮವೀರ ಚಕ್ರ ಬಂತು. ಖೇತರ್‌ಪಾಲ್ ಅವರ ಫೋಟೊವನ್ನು ತಾತ ಪೇಪರಿನಿಂದ ಕತ್ತರಿಸಿ ದೇವರ ಗೂಡಿನಲ್ಲಿ ಇಟ್ಟಿದ್ದರು.

ಯುದ್ಧದ ಕಥೆ ಹೇಳಿ ಅಂದರೆ ಮಾತ್ರ ಸುಮ್ನೆ ಎದ್ದು ಎಮ್ಮೆ ಕಡೆ ಹೋಗುತ್ತಿದ್ದರು. ಒಂದೇ ಒಂದು ಸಲ, ಶೇಂಗಾ ಹೊಲದಲ್ಲಿ, ಮೈನ್ ಹುಡುಕುವುದು ಹೇಗೆ ಅಂತ ಕಡ್ಡಿಯೊಂದನ್ನು ಮಣ್ಣಿಗೆ ಚುಚ್ಚಿ ತೋರಿಸಿದರು. ‘ನೆಟ್ಟಗೆ ಚುಚ್ಬಾರ್ದು ಮಗಾ, ಹಿಂಗೆ ವಾರೆಯಾಗಿ. ಗಟ್ಟಿ ಏನಾರ ತಗುಲ್ತೋ, ಅಲ್ಲೇ ನಿಲ್ಸು.’ ಅಷ್ಟೇ. ಕೈ ಕೊಡವಿಕೊಂಡು ಮತ್ತೆ ಕಾಯಿ ಬಿಡಿಸತೊಡಗಿದರು.

2022ರಲ್ಲಿ ನಮ್ಮ ಮಾರಿಕಣಿವೆ ಡ್ಯಾಂ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ. ಸ್ಕೂಟರ್ ಮೇಲೆ ತಾತನನ್ನು ಕೂರಿಸಿಕೊಂಡು ಹೋಗಿದ್ದೆ. ಜನವೋ ಜನ. ತಾತ ನೀರನ್ನೇ ನೋಡುತ್ತಾ ನಿಂತಿದ್ದರು, ಕಣ್ಣು ತುಂಬಿತ್ತು. ‘ಅವ್ನೂ ನೋಡ್ಬೇಕಿತ್ತು, ಕೋಡಿ ಬಿದ್ರೆ ಜೊತೆಗೇ ಹೋಗಾಣ ಅಂದಿದ್ದ’ ಅಂದರು. ಯಾರು ಅಂತ ನಾನು ಕೇಳಲಿಲ್ಲ. ಬಿಸಿಲು ಜಾಸ್ತಿಯಾಗುತ್ತೆ, ಬೇಗ ಮನೆ ಸೇರೋಣ ಅನ್ನುವ ಯೋಚನೆಯಲ್ಲಿದ್ದೆ. ಆ ಗೆಳೆಯನ ಹೆಸರು, ಊರು ಅಜ್ಜಿಗೂ ಗೊತ್ತಿಲ್ಲ. ಇದು ನನ್ನನ್ನು ಈಗ ತುಂಬಾ ಕಾಡುತ್ತಿದೆ.

ಆ ಯುದ್ಧ ಮಾಡಿ ಬಂದವರಿಗೆ ಈಗ ಎಪ್ಪತ್ತು ದಾಟಿದೆ. ಪ್ರತಿ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನ ಸೇನೆ ಶರಣಾಗಿ ಸುಮಾರು 93 ಸಾವಿರ ಜನ ಸೆರೆಯಾದ ಬಗ್ಗೆ ಓದುತ್ತೇವೆ. ಅದರ ಪಕ್ಕದಲ್ಲೇ ನಮ್ಮ ಜಿಲ್ಲೆಯ ಒಬ್ಬ ಹಳೇ ಸೈನಿಕರ ಮಾತಿಗೂ ಕಾಲು ಪುಟ ಜಾಗ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ತಾತನ ಮಣ್ಣಿಗೆ ಚಳ್ಳಕೆರೆ ಕಡೆಯಿಂದ ಒಬ್ಬ ಹಿರಿಯರು ಮೆಡಲ್ ಹಾಕಿಕೊಂಡು ಬಂದು ಸೆಲ್ಯೂಟ್ ಹೊಡೆದರು. ಅವರೂ ಸ್ಯಾಪರ್ ಅಂತೆ. ಈ ಭಾನುವಾರ ನೋಟ್‌ಬುಕ್ ಹಿಡಿದು ಅವರ ಮನೆಗೆ ಹೋಗುತ್ತಿದ್ದೇನೆ.

– ಮಿಲ್ಟ್ರಿ ತಾತನ ಮೊಮ್ಮಗಳು, ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ